ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕ್‌ನಲ್ಲಿ ಕೂತವರು ವಂಚನೆ ಕಂಡರೆ ದೂರು ಕೊಡಲೇಬೇಕಾ?

ಪ್ರಶ್ನೆ: ಸರ್, ನಾನು ಪಶ್ಚಿಮ ಬೆಂಗಳೂರಿನ ಒಂದು ನರ್ಸಿಂಗ್ ಹೋಮ್‌ನಲ್ಲಿ ಇನ್ಶೂರೆನ್ಸ್ ಡೆಸ್ಕ್ ನೋಡಿಕೊಳ್ಳುತ್ತೇನೆ. ಪ್ರೀ-ಆಥ್ (ಚಿಕಿತ್ಸೆಗೆ ವಿಮಾ ಕಂಪನಿಯ ಮುಂಗಡ ಒಪ್ಪಿಗೆ ಕೇಳುವ ಅರ್ಜಿ) ಕಳಿಸೋದು, ಡಿಸ್ಚಾರ್ಜ್ ಸಮ್ಮರಿ ಮತ್ತು ಫೈನಲ್ ಬಿಲ್ ಅಪ್‌ಲೋಡ್ ಮಾಡೋದು ನನ್ನ ಕೆಲಸ. ಮಳೆಗಾಲದಲ್ಲಿ ಜ್ವರ ಅಂತ ಬಂದವರನ್ನು ಒಂದು ರಾತ್ರಿ ಇಟ್ಟುಕೊಂಡು, ಮೂರು ದಿನ ಇದ್ದ ಹಾಗೆ ಪೇಪರ್ ಮಾಡುತ್ತಾರೆ. ಕೆಲವು ಸಲ ಪೇಷಂಟ್ ಮನೆಯವರೇ "ಇನ್ನೊಂದಿನ ಹಾಕಿಬಿಡಿ ಮೇಡಂ, ಇಷ್ಟು ವರ್ಷ ಪ್ರೀಮಿಯಂ ಕಟ್ಟಿದ್ದೀವಿ" ಅಂತಾರೆ. ಮ್ಯಾನೇಜರ್ ಹೇಳಿದ ಹಾಗೆ ನಾನೂ ಅಂಥ ಕೆಲವು ಫೈಲ್ ಹಾಕಿದ್ದೇನೆ. ಈಗ ವಿಮಾ ಕಂಪನಿ ಕಡೆಯ ಇನ್ವೆಸ್ಟಿಗೇಟರ್ ಒಬ್ಬರು ಫೋನ್ ಮಾಡಿ, "ಕೇಸ್ ಶೀಟ್ ಫೋಟೋ ತೆಗೆದು ವಾಟ್ಸಾಪ್ ಮಾಡಿ, ನಿಮ್ಮ ಹೆಸರು ಬರಲ್ಲ. ಗೊತ್ತಿದ್ದೂ ಹೇಳದಿದ್ದರೆ ನೀವೂ ಒಳಗೆ ಹೋಗ್ತೀರಿ" ಅಂದರು. ಮ್ಯಾನೇಜರ್‌ಗೆ ಹೇಳಿದರೆ, "ಪೇಷಂಟ್ ವಿವರ ಹೊರಗೆ ಹೋದರೆ ನಿಮ್ಮ ಮೇಲೇ ಕೇಸ್" ಅಂತಾರೆ. ಮನೆಗೆ ನನ್ನ ಸಂಬಳವೇ ಆಧಾರ. ನಾನು ದೂರು ಕೊಡಲೇಬೇಕಾ? ಕೊಟ್ಟರೆ ಏನಾಗುತ್ತೆ, ಕೊಡದಿದ್ದರೆ ಏನಾಗುತ್ತೆ?

ಉತ್ತರ: ಇಬ್ಬರು ನಿಮ್ಮನ್ನು ಎರಡು ಕಡೆಯಿಂದ ಹೆದರಿಸಿದ್ದಾರೆ. ಇಬ್ಬರೂ ಹೇಳಿದ್ದರಲ್ಲಿ ಅರ್ಧ ನಿಜ ಇದೆ, ಇನ್ನರ್ಧವನ್ನು ಬೇಕೆಂದೇ ಬಿಟ್ಟಿದ್ದಾರೆ. ನಾನು ವಕೀಲನಾಗಿ ವಿಮಾ ಕಂಪನಿಗಳ ಪರವೂ ನಿಂತಿದ್ದೇನೆ, ಕ್ಲೈಮ್ ಸಿಗದೆ ಅಲೆದವರ ಪರವೂ ನಿಂತಿದ್ದೇನೆ. "ಒಳಗೆ ಹೋಗ್ತೀರಿ" ಅನ್ನುವ ಮಾತು ಎರಡೂ ಕಡೆ ಧಾರಾಳವಾಗಿ ಓಡಾಡುತ್ತೆ. ಅದನ್ನು ಪಕ್ಕಕ್ಕಿಡೋಣ.

ಮೊದಲು ನಿಮ್ಮ ನೇರ ಪ್ರಶ್ನೆ. ಸಾಮಾನ್ಯ ನಾಗರಿಕರು ಕಂಡ ಎಲ್ಲ ಅಪರಾಧವನ್ನೂ ಪೊಲೀಸರಿಗೆ ತಿಳಿಸಲೇಬೇಕು ಅಂತ ನಮ್ಮ ಕಾನೂನು ಹೇಳುವುದಿಲ್ಲ. ಯಾವ ಅಪರಾಧಗಳನ್ನು ತಿಳಿಸಲೇಬೇಕು ಅನ್ನೋದಕ್ಕೆ ಒಂದು ಪಟ್ಟಿ ಇದೆ. ಮೊದಲು ಅದು ಸಿಆರ್‌ಪಿಸಿಯ, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ, 39ನೇ ಕಲಂನಲ್ಲಿತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 33ನೇ ಕಲಂನಲ್ಲಿದೆ. ಕೊಲೆ, ಅಪಹರಣ, ದರೋಡೆ, ಖೋಟಾ ನೋಟು, ಸರ್ಕಾರಿ ನೌಕರ ನಂಬಿಕೆ ದ್ರೋಹ ಮಾಡಿ ಹಣ ನುಂಗುವುದು, ಇಂಥವೆಲ್ಲ ಅದರಲ್ಲಿವೆ. ಸಾಮಾನ್ಯ ವಂಚನೆ, ಅಂದರೆ ಹಳೆಯ ಐಪಿಸಿಯ 420, ಆ ಪಟ್ಟಿಯಲ್ಲಿ ಇಲ್ಲ. ಸುಳ್ಳು ಬಿಲ್ ಸೃಷ್ಟಿಸುವುದೂ ಇಲ್ಲ. ಹಾಗಾಗಿ ಪಕ್ಕದ ಟೇಬಲ್‌ನಲ್ಲಿ ಯಾರೋ ಸುಳ್ಳು ಕ್ಲೈಮ್ ಮಾಡಿದ್ದು ಗೊತ್ತಿದ್ದೂ ನೀವು ಸ್ಟೇಷನ್‌ಗೆ ಹೋಗಲಿಲ್ಲ ಅನ್ನುವ ಒಂದೇ ಕಾರಣಕ್ಕೆ ನಿಮ್ಮ ಮೇಲೆ ಕೇಸ್ ಆಗುವುದಿಲ್ಲ. ಇನ್ವೆಸ್ಟಿಗೇಟರ್ ಹೇಳಿದ್ದು ಇಷ್ಟರ ಮಟ್ಟಿಗೆ ಸುಳ್ಳು.

ಆ ಪಟ್ಟಿಗೆ ಸಂಘಟಿತ ಅಪರಾಧವನ್ನೂ ಈಗ ಸೇರಿಸಿದ್ದಾರೆ. ಆದರೆ ಆ ಕಲಂ ಹಚ್ಚಬೇಕಾದರೆ ಗುಂಪಿನ ಮೇಲೆ ಹಿಂದಿನ ಹತ್ತು ವರ್ಷಗಳಲ್ಲಿ ಒಂದಕ್ಕಿಂತ ಹೆಚ್ಚು ಚಾರ್ಜ್‌ಶೀಟ್ ಆಗಿರಬೇಕು. ಒಂದು ನರ್ಸಿಂಗ್ ಹೋಮ್ ಎರಡು ದಿನ ಎಳೆದು ಬರೆಯೋದು ಸುಲಭಕ್ಕೆ ಅಲ್ಲಿಗೆ ಹೋಗಲ್ಲ. ಇನ್ನೊಂದು ಕಡೆ, ವಿಮೆ ಹಣಕ್ಕೆ ಜೀವ ತೆಗೆಯುವ ಪ್ರಕರಣಗಳೂ ಇವೆ. 2024ರಲ್ಲಿ ಹಾಸನ ಜಿಲ್ಲೆಯಲ್ಲಿ ಒಬ್ಬ ವ್ಯಾಪಾರಿ, ತಾನೇ ಸತ್ತ ಹಾಗೆ ತೋರಿಸಿ ವಿಮೆ ಹಣ ಪಡೆಯಲು ಬೇರೊಬ್ಬ ಬಡಪಾಯಿಯನ್ನು ಲಾರಿ ಕೆಳಗೆ ಹಾಕಿಸಿದ ಅಂತ ಪೊಲೀಸರು ಕೇಸ್ ಮಾಡಿದ್ದು ನಿಮಗೆ ನೆನಪಿರಬಹುದು. ಅಂಥದ್ದರ ಸುಳಿವು ಸಿಕ್ಕರೆ ಅದು ಕೊಲೆ. ಆಗ "ನಮಗ್ಯಾಕೆ" ಅನ್ನುವ ಹಾಗಿಲ್ಲ. ತಿಳಿಸಬೇಕಾದವರು ಬೇಕೆಂದೇ ತಿಳಿಸದಿದ್ದರೆ ಆರು ತಿಂಗಳವರೆಗೆ ಶಿಕ್ಷೆ ಇದೆ.

ಇಲ್ಲಿಗೆ ನಿಟ್ಟುಸಿರು ಬಿಡಬೇಡಿ. ನಿಮಗೆ ನಿಜವಾದ ತೊಂದರೆ ಇರುವುದು ಸುಮ್ಮನಿದ್ದದ್ದರಲ್ಲಿ ಅಲ್ಲ, ಫೈಲ್ ಹಾಕಿದ್ದರಲ್ಲಿ. "ನಾನು ಬರೀ ಟೈಪ್ ಮಾಡಿದ್ದು ಸರ್, ಹೇಳಿದ್ದು ಮ್ಯಾನೇಜರ್" ಅಂತ ನನ್ನ ಮುಂದೆ ಕೂತು ಹೇಳಿದವರು ಬಹಳ ಜನ. ಐಪಿಸಿ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 344ನೇ ಕಲಂ ಒಮ್ಮೆ ಓದಿ. ಅದು ಗುಮಾಸ್ತರು, ಅಧಿಕಾರಿಗಳು, ನೌಕರರನ್ನೇ ಹೆಸರಿಸಿ ಮಾತಾಡುತ್ತೆ. ಮೋಸದ ಉದ್ದೇಶದಿಂದ ಲೆಕ್ಕದ ಪುಸ್ತಕವನ್ನೋ ಕಂಪ್ಯೂಟರ್ ದಾಖಲೆಯನ್ನೋ ತಿದ್ದಿದರೆ, ಸುಳ್ಳು ನಮೂದು ಹಾಕಿದರೆ ಏಳು ವರ್ಷದವರೆಗೆ ಶಿಕ್ಷೆ. ವಂಚಿಸಿ ಹಣ ಕೊಡಿಸಿಕೊಂಡರೆ 318(4), ವಂಚನೆಗಾಗಿ ಸುಳ್ಳು ದಾಖಲೆ ಸೃಷ್ಟಿಸಿದರೆ 336(3), ಎರಡಕ್ಕೂ ಏಳು ವರ್ಷದವರೆಗೆ. ಸುಳ್ಳು ಅಂತ ಗೊತ್ತಿದ್ದೂ ಆ ದಾಖಲೆಯನ್ನು ಅಸಲಿ ಅಂತ ಬಳಸಿದವರಿಗೆ 340(2). ಮೇಲಿನವರು ಹೇಳಿದರು ಅನ್ನೋದು ಶಿಕ್ಷೆ ಕಡಿಮೆ ಮಾಡಿಸಬಹುದು, ಅಪರಾಧವನ್ನು ಅಳಿಸುವುದಿಲ್ಲ. ಆದರೆ ಎಲ್ಲದಕ್ಕೂ ಮೂಲ "ಗೊತ್ತಿತ್ತು" ಅನ್ನೋದು. ಡಾಕ್ಟರ್ ಸಹಿ ಮಾಡಿದ ಸಮ್ಮರಿ ಬಂತು, ನೀವು ನಂಬಿ ಅಪ್‌ಲೋಡ್ ಮಾಡಿದಿರಿ ಅಂದರೆ ಕಥೆಯೇ ಬೇರೆ. ನಿಮ್ಮ ಪತ್ರದಲ್ಲಿ ನೀವು ಹಾಗೆ ಹೇಳಿಲ್ಲ.

ಇಂಥ ಫೈಲ್ ಹೇಗೆ ಸಿಕ್ಕಿಬೀಳುತ್ತೆ ಅನ್ನೋದನ್ನೂ ಹೇಳುತ್ತೇನೆ. ಯಾರಿಗೂ ಗೊತ್ತಾಗಲ್ಲ ಅಂತಲೇ ಎಲ್ಲರೂ ಅಂದುಕೊಂಡಿರುತ್ತಾರೆ. ಸಮ್ಮರಿಯಲ್ಲಿ ಸೋಮವಾರದಿಂದ ಗುರುವಾರ ಅಂತ ಇರುತ್ತೆ. ನರ್ಸ್ ಬರೆಯುವ ಟೆಂಪರೇಚರ್ ಚಾರ್ಟ್ ನೋಡಿದರೆ ಮೂರೂ ದಿನ ಒಂದೇ ಪೆನ್ನು, ಒಂದೇ ಕೈಬರಹ, ನೈಟ್ ಡ್ಯೂಟಿಯವರ ಸಹಿಯೂ ಅದೇ. ಪ್ಲೇಟ್‌ಲೆಟ್ ಎಣಿಕೆ ದಿನಕ್ಕೊಂದು ರಿಪೋರ್ಟ್ ಇರುತ್ತೆ, ಆದರೆ ಲ್ಯಾಬ್ ಮಷೀನ್‌ನಲ್ಲಿ ಆ ಸ್ಯಾಂಪಲ್ ನಂಬರೇ ಇರಲ್ಲ. ಫಾರ್ಮಸಿಯಲ್ಲಿ ಡ್ರಿಪ್ ಬಾಟಲಿ ಬಿಲ್ ಆಗಿರುತ್ತೆ, ಸ್ಟಾಕ್‌ನಲ್ಲಿ ಇಳಿದಿರಲ್ಲ. ಇದ್ಯಾವುದೂ ಬೇಡ. ಇನ್ವೆಸ್ಟಿಗೇಟರ್ ಪೇಷಂಟ್‌ಗೆ ಫೋನ್ ಮಾಡಿ, "ಈಗ ಹೇಗಿದ್ದೀರಮ್ಮ, ಎಷ್ಟು ದಿನ ಇದ್ರಿ?" ಅಂತಾರೆ. "ಒಂದೇ ರಾತ್ರಿ ಸಾರ್, ಬೆಳಿಗ್ಗೆ ಮನೆಗೆ ಬಂದ್ವಿ" ಅಂತ ಆಯಮ್ಮ ಖುಷಿಯಿಂದ ಹೇಳಿಬಿಡುತ್ತಾರೆ. ಅಲ್ಲಿಗೆ ಮುಗಿಯಿತು. ಅಪ್‌ಲೋಡ್ ಯಾವ ಲಾಗಿನ್‌ನಿಂದ ಆಯಿತು ಅಂತ ನೋಡಿದರೆ ನಿಮ್ಮ ಹೆಸರು. "ನಿಮ್ಮ ಹೆಸರು ಬರಲ್ಲ" ಅನ್ನುವ ಭರವಸೆಗೆ ಎಷ್ಟು ಬೆಲೆ ಅಂತ ನೀವೇ ಯೋಚಿಸಿ.

ಇದು ಯಾಕೆ ಇಷ್ಟು ನಡೆಯುತ್ತೆ? ಆಸೆ ಒಂದೇ ಕಾರಣ ಅಂದರೆ ಅನ್ಯಾಯ. ಬಹುತೇಕ ಪಾಲಿಸಿಗಳಲ್ಲಿ ಕನಿಷ್ಠ 24 ಗಂಟೆ ಅಡ್ಮಿಟ್ ಆಗಿದ್ದರೆ ಮಾತ್ರ ಹಣ, ಪಟ್ಟಿ ಮಾಡಿದ ಡೇ ಕೇರ್ ಚಿಕಿತ್ಸೆಗಳಷ್ಟೇ ಅದಕ್ಕೆ ಹೊರತು. ಡೆಂಗಿ ಅನುಮಾನ, ಹತ್ತು ಗಂಟೆ ಡ್ರಿಪ್ ಹಾಕಿ ನೋಡಿ ಕಳಿಸಿದರೆ ಸಾಕು ಅನ್ನುವ ಪೇಷಂಟ್‌ಗೆ ಕೈಯಿಂದಲೇ ಖರ್ಚು. ಅಲ್ಲಿಂದ ಶುರು. ಮೊದಲು ಹತ್ತು ಗಂಟೆಯನ್ನು ಇಪ್ಪತ್ನಾಲ್ಕು ಮಾಡುತ್ತಾರೆ. ಆಮೇಲೆ ರೂಮ್ ಖಾಲಿ ಇದೆ, ಕಂಪನಿ ದರ ಕಡಿಮೆ ಕೊಡುತ್ತೆ, ಹಳೆ ಬಾಕಿ ಬಂದಿಲ್ಲ ಅಂತ ಒಂದು ದಿನ ಮೂರಾಗುತ್ತೆ. ಪೇಷಂಟ್‌ಗೂ ಕೈಯಿಂದ ಹೋಗಲ್ಲ, ಆಸ್ಪತ್ರೆಗೂ ಸಿಕ್ಕಿತು, ಕಂಪನಿ ದೊಡ್ಡದು ಬಿಡಿ ಅಂತ ಸಮಾಧಾನ. ಪೇಷಂಟ್‌ಗೆ ಗೊತ್ತಿಲ್ಲದ್ದು ಏನಂದರೆ, ಆ ಸುಳ್ಳಿನಿಂದ ಅವರ ಪಾಲಿಸಿಯೇ ರದ್ದಾಗಬಹುದು. ಆರೋಗ್ಯ ವಿಮೆ ಸತತ 60 ತಿಂಗಳು ನಡೆದ ಮೇಲೆ ಹಳೆ ಕಾಯಿಲೆ ಹೇಳಿಲ್ಲ ಅಂತ ಕಂಪನಿ ತಕರಾರು ತೆಗೆಯುವ ಹಾಗಿಲ್ಲ. ವಂಚನೆ ಸಾಬೀತಾದರೆ ಮಾತ್ರ ಈ ರಕ್ಷಣೆ ಇಲ್ಲ. ಹತ್ತು ವರ್ಷ ಪ್ರೀಮಿಯಂ ಕಟ್ಟಿದವರು ಒಂದು ಜ್ವರದ ಬಿಲ್‌ಗೆ ಅದನ್ನೆಲ್ಲ ಪಣಕ್ಕಿಡುತ್ತಾರೆ. "ಇನ್ನೊಂದಿನ ಹಾಕಿ" ಅನ್ನುವವರಿಗೆ ಇದನ್ನು ಹೇಳಿ ನೋಡಿ, ಅರ್ಧ ಜನ ಸುಮ್ಮನಾಗುತ್ತಾರೆ.

ಹಾಗಂತ ಜಾಸ್ತಿ ಬಿಲ್ ಎಲ್ಲವೂ ವಂಚನೆ ಅಲ್ಲ. ಡಾಕ್ಟರ್ "ಇನ್ನೊಂದು ದಿನ ಇರಲಿ, ಪ್ಲೇಟ್‌ಲೆಟ್ ಇಳಿಯುತ್ತಿದೆ" ಅಂದರೆ ಅದು ವೈದ್ಯರ ತೀರ್ಮಾನ. ದುಬಾರಿ ಆ್ಯಂಟಿಬಯೋಟಿಕ್ ಕೊಟ್ಟರು ಅನ್ನೋದು ದರದ ಜಗಳ. ಕೊಡದ ಔಷಧಿ, ಇರದ ದಿನ, ಮಾಡದ ಟೆಸ್ಟ್, ಇವು ವಂಚನೆ. ದೂರು ಕೊಡುವ ಮೊದಲು ನಿಮ್ಮ ಮನಸ್ಸಿನಲ್ಲಿ ಈ ಗೆರೆ ಸ್ಪಷ್ಟ ಇರಲಿ.

ಇನ್ನು, ತಿಳಿಸುವ ಹೊಣೆ ನಿಜವಾಗಿ ಯಾರ ಮೇಲಿದೆ? ಮುಖ್ಯವಾಗಿ ವಿಮಾ ಕಂಪನಿಯ ಮೇಲೆ. ವಿಮಾ ವಂಚನೆಗೆಂದೇ ನಮ್ಮಲ್ಲಿ ಪ್ರತ್ಯೇಕ ಕಾಯ್ದೆ ಇಲ್ಲ, ಆದರೆ ನಿಯಂತ್ರಕರಾದ ಐಆರ್‌ಡಿಎಐ 2013ರಲ್ಲೇ ವಂಚನೆ ನಿಗಾ ಚೌಕಟ್ಟು ಹಾಕಿತು. 2025ರಲ್ಲಿ ಅದನ್ನು ಹೊಸದಾಗಿ ಬರೆದು 2026ರ ಏಪ್ರಿಲ್ 1ರಿಂದ ಜಾರಿ ಅಂತ ಹೇಳಿದೆ. ಕಂಪನಿ ವಂಚನೆ ತಡೆ ನೀತಿ ಇಟ್ಟುಕೊಳ್ಳಬೇಕು, ಪ್ರಕರಣಗಳ ಲೆಕ್ಕವನ್ನು ನಿಯಂತ್ರಕರಿಗೆ ಕೊಡಬೇಕು, ಅಗತ್ಯವಿದ್ದಲ್ಲಿ ಪೊಲೀಸರಿಗೆ ತಿಳಿಸಬೇಕು, ಬೇರೆ ಕಂಪನಿಗಳ ಜೊತೆ ಮಾಹಿತಿ ಹಂಚಿಕೊಳ್ಳಬೇಕು. ಹಂಚಿಕೊಳ್ಳಲು ಹೈದರಾಬಾದ್‌ನಲ್ಲಿ ವಿಮಾ ಮಾಹಿತಿ ಬ್ಯೂರೋ ಇದೆ. ನಿಮ್ಮ ಆಸ್ಪತ್ರೆಯನ್ನು ವಿಮಾ ಕಂಪನಿಗಳು ಗುರುತಿಸುವ 13 ಅಂಕಿಯ ರೋಹಿಣಿ ನಂಬರ್ ಕೊಟ್ಟಿದ್ದೂ ಅದೇ ಬ್ಯೂರೋ. ಒಂದು ಕಂಪನಿ ಕೆಂಪು ಗುರುತು ಹಾಕಿದರೆ ಉಳಿದವಕ್ಕೆ ಗೊತ್ತಾಗದೆ ಇರುತ್ತೆ ಅಂತ ನಿಮ್ಮ ಮ್ಯಾನೇಜರ್ ಅಂದುಕೊಂಡಿದ್ದರೆ, ಅದು ಹಳೆ ಕಾಲದ ಲೆಕ್ಕ. ಇದಲ್ಲದೆ ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ಪ್ರಕಾರ ಅನುಮಾನದ ವ್ಯವಹಾರಗಳನ್ನು ಕಂಪನಿ ಕೇಂದ್ರದ ಹಣಕಾಸು ಗುಪ್ತಚರ ಘಟಕಕ್ಕೆ ತಿಳಿಸಬೇಕು. ಹಾಗೆ ತಿಳಿಸಿದ್ದಕ್ಕೆ ಕಂಪನಿ ಮೇಲೂ ಅದರ ನೌಕರರ ಮೇಲೂ ಕೇಸ್ ಹಾಕುವಂತಿಲ್ಲ ಅಂತ 14ನೇ ಕಲಂ ಹೇಳುತ್ತೆ. ಬೇಸರದ ಸಂಗತಿ, ಆ ರಕ್ಷಣೆ ಆಸ್ಪತ್ರೆಯ ಡೆಸ್ಕ್‌ನಲ್ಲಿ ಕೂತ ನಿಮಗೆ ಇಲ್ಲ.

ಡಾಕ್ಟರ್‌ಗೆ ಬೇರೆ ಹೊಣೆ. 2002ರ ವೈದ್ಯಕೀಯ ನೀತಿ ನಿಯಮಗಳ ಪ್ರಕಾರ ಸುಳ್ಳು ಸರ್ಟಿಫಿಕೇಟ್‌ಗೆ ಸಹಿ ಹಾಕಿದರೆ ಅದು ದುರ್ನಡತೆ. ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ದೂರು ನಿಂತರೆ ರಿಜಿಸ್ಟರ್‌ನಿಂದ ಹೆಸರು ತೆಗೆಯುವವರೆಗೂ ಹೋಗಬಹುದು. ಡ್ಯೂಟಿ ಡಾಕ್ಟರ್ ಹುಡುಗರು ಕೇಸ್ ಶೀಟ್ ಓದದೆ ಸಹಿ ಹಾಕೋದನ್ನು ನೀವು ದಿನಾ ನೋಡುತ್ತೀರಿ, ಅಲ್ವಾ? ಅವರ ಕಿವಿಗೂ ಇದು ಬೀಳಲಿ.

ಈಗ ಮ್ಯಾನೇಜರ್ ಹಾಕಿದ ಬೆದರಿಕೆ. ಪೇಷಂಟ್ ವಿವರ ಗುಟ್ಟಾಗಿಡಬೇಕು ಅನ್ನೋದು ನಿಜ. ಅದನ್ನು ವಂಚನೆ ಮುಚ್ಚುವ ಚಾದರ ಮಾಡಿಕೊಳ್ಳುವಂತಿಲ್ಲ ಅನ್ನೋದೂ ಅಷ್ಟೇ ನಿಜ. ಪೇಷಂಟ್ ಸಹಿ ಹಾಕುವ ಕ್ಲೈಮ್ ಫಾರ್ಮ್‌ನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಒಪ್ಪಿಗೆ ಇರುತ್ತೆ. ಚಿಕಿತ್ಸೆ ಕೊಟ್ಟ ಆಸ್ಪತ್ರೆಯಿಂದ ವೈದ್ಯಕೀಯ ಮಾಹಿತಿ, ದಾಖಲೆ ಪಡೆಯಲು ಕಂಪನಿಗೂ ಟಿಪಿಎಗೂ (ಕಂಪನಿ ಪರವಾಗಿ ಕ್ಲೈಮ್ ನೋಡುವ ಸಂಸ್ಥೆ) ಅಧಿಕಾರ ಕೊಟ್ಟಿದ್ದೇನೆ ಅಂತ. ಹಾಗಾಗಿ ಆ ಕ್ಲೈಮ್‌ಗೆ ಸಂಬಂಧಿಸಿದ ಕೇಸ್ ಶೀಟ್ ಕೇಳುವ ಹಕ್ಕು ಕಂಪನಿಗೆ ಇದೆ. ಆದರೆ ಕೇಳಬೇಕಾದ ದಾರಿ ವಾಟ್ಸಾಪ್ ಅಲ್ಲ. ಇನ್ವೆಸ್ಟಿಗೇಟರ್ ಗುರುತಿನ ಚೀಟಿ, ಕಂಪನಿಯ ಅಧಿಕಾರ ಪತ್ರ, ಕ್ಲೈಮ್ ನಂಬರ್ ತೋರಿಸಿ ಆಸ್ಪತ್ರೆಗೆ ಬರೆದು ಕೇಳಲಿ. ಆಸ್ಪತ್ರೆ ಕೊಡಲಿ. ನೀವಾಗಿ ಮೊಬೈಲ್‌ನಲ್ಲಿ ಫೋಟೋ ತೆಗೆದು, ಅದರಲ್ಲೂ ಕೇಳದೇ ಇರುವ ಬೇರೆ ಪೇಷಂಟ್‌ಗಳದ್ದನ್ನೂ ಸೇರಿಸಿ ಕಳಿಸಿದರೆ, ಮ್ಯಾನೇಜರ್ ಮಾತು ನಿಜವಾಗುತ್ತೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಅಪರಾಧ ಪತ್ತೆ ಮತ್ತು ತನಿಖೆಗೆ ವಿನಾಯಿತಿ ಕೊಡುತ್ತೆ. ಅದನ್ನು ನಂಬಿಕೊಂಡು ನೌಕರರು ಫೈಲ್‌ಗಳನ್ನು ಮನೆಗೆ ಒಯ್ಯಬಾರದು.

ಪೊಲೀಸರು ಬಂದರೆ ಬೇರೆ ಮಾತು. ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಂ ಅಡಿ ಅವರು ಬರೆದು ಕೇಳಿದ ದಾಖಲೆಯನ್ನು ಆಸ್ಪತ್ರೆ ಕೊಡಲೇಬೇಕು, ಗುಟ್ಟು ಅನ್ನುವಂತಿಲ್ಲ. ಸಾಕ್ಷಿಯಾಗಿ ನಿಮ್ಮನ್ನು ಮಾತಾಡಿಸಬೇಕಾದರೆ, ನೀವು ಮಹಿಳೆಯಾದ್ದರಿಂದ ಅವರೇ ನಿಮ್ಮ ಮನೆಗೆ ಬರಬೇಕು. 179ನೇ ಕಲಂ ಅದನ್ನೇ ಹೇಳುತ್ತೆ. ಕೇಳಿದ್ದಕ್ಕೆ ನಿಜ ಹೇಳಬೇಕು, ಆದರೆ ನಿಮ್ಮನ್ನೇ ಅಪರಾಧಿ ಮಾಡುವ ಉತ್ತರ ಕೊಡಲೇಬೇಕಿಲ್ಲ. ಪೊಲೀಸರು ಬರೆದುಕೊಂಡ ಆ ಹೇಳಿಕೆಗೆ ಸಹಿ ಹಾಕುವ ಅಗತ್ಯವೂ ಇಲ್ಲ. ಯಾರು ಹೇಳಿದರೂ ಒಂದು ಹಾಳೆಯನ್ನೂ ಹರಿಯಬೇಡಿ, ಒಂದು ಮೇಲ್ ಕೂಡ ಡಿಲೀಟ್ ಮಾಡಬೇಡಿ. ಸಾಕ್ಷ್ಯ ನಾಶ ಅಂತ ಬೇರೆ ಕೇಸ್ ಆಗುತ್ತೆ. ಅಲ್ಲಿ "ಬರೀ ಟೈಪ್ ಮಾಡಿದ್ದು" ಅನ್ನಲೂ ಆಗಲ್ಲ.

ಹಾಗಾದರೆ ನಿಮ್ಮ ಮುಂದಿರುವ ದಾರಿಗಳು. ಮೊದಲನೆಯದು ಇವತ್ತೇ ಮಾಡಬಹುದಾದ್ದು. ಮುಂದಿನ ಸುಳ್ಳು ಫೈಲ್ ಹಾಕಬೇಡಿ. ಬಾಯಲ್ಲಿ ಜಗಳ ಆಡಬೇಡಿ. ಮ್ಯಾನೇಜರ್‌ಗೆ ಒಂದು ಮೇಲ್ ಸಾಕು: "ಈ ಐಪಿ (ಒಳರೋಗಿ) ನಂಬರ್‌ನ ಪೇಷಂಟ್ ಡಿಸ್ಚಾರ್ಜ್ ದಿನಾಂಕ ವಾರ್ಡ್ ರಿಜಿಸ್ಟರ್‌ಗೂ ಸಮ್ಮರಿಗೂ ಹೊಂದುತ್ತಿಲ್ಲ, ಡಾಕ್ಟರ್ ಸರಿಪಡಿಸಿ ಕೊಟ್ಟ ಮೇಲೆ ಅಪ್‌ಲೋಡ್ ಮಾಡುತ್ತೇನೆ." ಇದರಲ್ಲಿ ಆರೋಪ ಇಲ್ಲ. ಆದರೆ ಗೊತ್ತಾದ ಮೇಲೆ ನೀವು ಸೇರಿಕೊಳ್ಳಲಿಲ್ಲ ಅನ್ನೋದಕ್ಕೆ ದಾಖಲೆ ಆಯಿತು. ಅಪಾಯ ಅಂದರೆ ನಿಮ್ಮನ್ನು ಬೇರೆ ಸೀಟ್‌ಗೆ ಹಾಕಬಹುದು, ಮುಖ ತಿರುಗಿಸಬಹುದು. ನಾನು ಕಂಡ ಹಾಗೆ ಇಂಥ ಮೇಲ್ ಬಂದ ಮೇಲೆ ಬಹಳ ಕಡೆ ಫೈಲ್ ತಾನಾಗಿ ಸರಿಯಾಗುತ್ತೆ, ಯಾಕೆಂದರೆ ಬರವಣಿಗೆಗೆ ಎಲ್ಲರೂ ಹೆದರುತ್ತಾರೆ.

ಎರಡನೆಯದು, ಕಂಪನಿಗೇ ತಿಳಿಸೋದು. ಫೋನ್ ಮಾಡಿದ ವ್ಯಕ್ತಿಗಲ್ಲ, ಕಂಪನಿಯ ವೆಬ್‌ಸೈಟ್‌ನಲ್ಲಿರುವ ವಂಚನೆ ದೂರು ವಿಳಾಸಕ್ಕೆ. ನಿಮಗೆ ಕಣ್ಣಾರೆ ಗೊತ್ತಿರುವಷ್ಟೇ ಬರೆಯಿರಿ: ದಿನಾಂಕ, ಕ್ಲೈಮ್ ನಂಬರ್, ಏನು ಹೊಂದುತ್ತಿಲ್ಲ ಅಂತ. "ಇವರೆಲ್ಲ ಕಳ್ಳರು" ಅನ್ನುವ ಸಾಲು ಬೇಡ. ಸದುದ್ದೇಶದಿಂದ, ವಿಷಯ ನೋಡುವ ಅಧಿಕಾರ ಇರುವವರಿಗೆ ಕೊಟ್ಟ ದೂರು ಮಾನಹಾನಿ ಅಲ್ಲ. ನ್ಯಾಯ ಸಂಹಿತೆಯ 356ನೇ ಕಲಂನ ಎಂಟನೇ ವಿನಾಯಿತಿ ಅದು. ಅದೇ ಮಾತನ್ನು ಬಡಾವಣೆಯ ವಾಟ್ಸಾಪ್ ಗ್ರೂಪ್‌ನಲ್ಲಿ ಹಾಕಿದರೆ ಆ ರಕ್ಷಣೆ ಇಲ್ಲ. ಸುಳ್ಳು ಅಂತ ಗೊತ್ತಿದ್ದೂ ಪೊಲೀಸರಿಗೆ ದೂರು ಕೊಟ್ಟರಂತೂ ನಿಮ್ಮ ಮೇಲೇ ತಿರುಗುತ್ತೆ.

ಇಲ್ಲಿ ಒಂದು ಕಹಿ ಸತ್ಯ. ಖಾಸಗಿ ನರ್ಸಿಂಗ್ ಹೋಮ್‌ನ ನೌಕರರು ದೂರು ಕೊಟ್ಟರೆ ಅವರ ಕೆಲಸ ಕಾಯುವ ವಿಶೇಷ ಕಾನೂನು ನಮ್ಮಲ್ಲಿಲ್ಲ. 2014ರ ವಿಷಲ್ ಬ್ಲೋವರ್ಸ್ ಕಾಯ್ದೆ ಸಾರ್ವಜನಿಕ ಸೇವಕರ ಭ್ರಷ್ಟಾಚಾರಕ್ಕೆ ಸಂಬಂಧಿಸಿದ್ದು, ಅದನ್ನೂ ಜಾರಿಗೆ ತಂದಿಲ್ಲ. ಕಂಪನಿ ಕಾಯ್ದೆಯಲ್ಲಿರುವ ದೂರು ವ್ಯವಸ್ಥೆ ಷೇರುಪೇಟೆಯಲ್ಲಿರುವ ಕಂಪನಿಗಳಂಥ ದೊಡ್ಡವರಿಗೆ. ಸಂಬಳವೇ ಆಧಾರ ಅಂತ ನೀವು ಬರೆದಿದ್ದೀರಿ. ಬೇರೆ ಕಡೆ ಕೆಲಸ ಹುಡುಕಿಕೊಂಡು, ಅನುಭವ ಪತ್ರ ಕೈಗೆ ಬಂದ ಮೇಲೆ ದೂರು ಕೊಡುತ್ತೇನೆ ಅಂದರೆ ನಾನು ಅದನ್ನು ಹೇಡಿತನ ಅನ್ನಲ್ಲ. ಅಷ್ಟರೊಳಗೆ ಹೊಸ ಫೈಲ್‌ಗೆ ಕೈ ಹಾಕಬಾರದು, ಅಷ್ಟೇ.

ಮೂರನೆಯದು ಪೊಲೀಸ್ ದೂರು. ಆಸ್ಪತ್ರೆ ಇರುವ ಠಾಣೆಯಲ್ಲಿ ಕೊಡಬಹುದು. ಸರ್ಕಾರಿ ಯೋಜನೆಯ, ಅಂದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಪೇಷಂಟ್‌ಗಳ ಹೆಸರಲ್ಲೂ ಹೀಗೇ ನಡೆಯುತ್ತಿದ್ದರೆ ಅದನ್ನು ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ಗೆ ತಿಳಿಸಿ. ಜೆ.ಪಿ. ನಗರದಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಬೇಡಿ. ಅದು ಕ್ಲೈಮ್ ಸಿಗದ ಪಾಲಿಸಿದಾರರ ದೂರು ಕೇಳುವ ಜಾಗ. ನಿಮ್ಮ ಅರ್ಜಿ ಅಲ್ಲಿಂದ ವಾಪಸ್ ಬರುತ್ತೆ, ಒಂದು ದಿನದ ರಜೆ ದಂಡ.

ಆದರೆ ಎರಡನೇ ಮತ್ತು ಮೂರನೇ ದಾರಿ ಹಿಡಿಯುವ ಮೊದಲು, ನೀವೇ ಹಾಕಿದ ಆ ಹಳೆ ಫೈಲ್‌ಗಳ ಬಗ್ಗೆ ಒಬ್ಬ ಕ್ರಿಮಿನಲ್ ವಕೀಲರ ಹತ್ತಿರ ಮಾತಾಡಿ. ನಡೆದುಹೋದದ್ದನ್ನು ಅವರಿಗೆ ಬಿಚ್ಚಿ ಹೇಳಬಹುದು. ಅದನ್ನು ಹೊರಗೆ ಹೇಳದಂತೆ ಸಾಕ್ಷ್ಯ ಅಧಿನಿಯಮದ 132ನೇ ಕಲಂ ವಕೀಲರ ಬಾಯಿ ಕಟ್ಟಿದೆ. ನಿಮ್ಮ ಪಾತ್ರ ಸಣ್ಣದು, ಲಾಭ ನಿಮಗೆ ಬಂದಿಲ್ಲ ಅಂತಾದರೆ ತನಿಖಾಧಿಕಾರಿಗಳು ನಿಮ್ಮನ್ನು ಸಾಕ್ಷಿ ಮಾಡಿಕೊಳ್ಳುವುದುಂಟು. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆ ಆಗಬಹುದಾದ ಅಪರಾಧದಲ್ಲಿ, ಪೂರ್ತಿ ನಿಜ ಹೇಳುವ ಷರತ್ತಿನ ಮೇಲೆ ಮ್ಯಾಜಿಸ್ಟ್ರೇಟರು ಕ್ಷಮೆ ಕೊಡುವ ಅವಕಾಶವೂ ನಾಗರಿಕ ಸುರಕ್ಷಾ ಸಂಹಿತೆಯ 343ನೇ ಕಲಂನಲ್ಲಿದೆ. ಇದು ಹಕ್ಕಲ್ಲ, ಕೊಟ್ಟರೆ ಸಿಗುವಂಥದ್ದು. ಹಾಗಾಗಿ ಅವಸರದಲ್ಲಿ ಇನ್ವೆಸ್ಟಿಗೇಟರ್‌ಗೆ ಬರೆದುಕೊಟ್ಟ ತಪ್ಪೊಪ್ಪಿಗೆ ಚೀಟಿ ಮೊದಲು ಕೈ ಸೇರಬಾರದು. ಅವರು ಪೊಲೀಸರಲ್ಲ. ಅವರಿಗೆ ನೀವು ಬರೆದುಕೊಟ್ಟದ್ದನ್ನು ಕೋರ್ಟಿನಲ್ಲಿ ನಿಮ್ಮ ವಿರುದ್ಧವೇ ಬಳಸಬಹುದು.

ಅವರು ಮತ್ತೆ ಫೋನ್ ಮಾಡಿದರೆ ಇಷ್ಟೇ ಹೇಳಿ: "ಸರ್, ಕ್ಲೈಮ್ ನಂಬರ್ ಹಾಕಿ ಆಸ್ಪತ್ರೆಯ ಅಧಿಕೃತ ಮೇಲ್‌ಗೆ ಅಧಿಕಾರ ಪತ್ರದ ಜೊತೆ ಬರೆಯಿರಿ, ನಾನು ಮೇಲಿನವರಿಗೆ ಕೊಡುತ್ತೇನೆ." ಫೋನ್ ಬಂದ ದಿನ, ಸಮಯ ಬರೆದಿಟ್ಟುಕೊಳ್ಳಿ. ಇನ್ನು, ಬಹುತೇಕ ಡೆಸ್ಕ್‌ಗಳಲ್ಲಿ ಮಾಡುವ ಹಾಗೆ ನೀವೂ ಮಾನಿಟರ್ ಅಂಚಿಗೆ ಪಾಸ್‌ವರ್ಡ್ ಅಂಟಿಸಿದ್ದರೆ ನಾಳೆ ಬೆಳಿಗ್ಗೆ ಮೊದಲು ಅದನ್ನು ಕಿತ್ತು ಹೊಸದು ಹಾಕಿ. ಬೇರೆಯವರ ಪಾಸ್‌ವರ್ಡ್‌ನಿಂದ ಮೋಸ ಮಾಡುವುದು ಐಟಿ ಕಾಯ್ದೆಯ 66ಸಿ ಪ್ರಕಾರ ಮೂರು ವರ್ಷದವರೆಗಿನ ಶಿಕ್ಷೆಯ ಅಪರಾಧವೇನೋ ಹೌದು. ಆದರೆ ನಿಮ್ಮ ಲಾಗಿನ್‌ನಿಂದ ಹೋದ ಫೈಲ್ ನೀವು ಹಾಕಿದ್ದಲ್ಲ ಅಂತ ಒಪ್ಪಿಸುವ ಕಷ್ಟ ನಿಮ್ಮದೇ ಆಗಿರುತ್ತೆ.